ಗೋಡೆಗಳ ನಡುವಣ ಆಕಾಶ

ಘಟಾಕಾಶ, ಮಠಾಕಾಶ, ಮಹಾಕಾಶ ಎಂಬ ಮಾತುಗಳು ವೇದಾಂತದ ಉಪನ್ಯಾಸಗಳನ್ನು ಕೇಳಿದವರಿಗೆಲ್ಲ ಪರಿಚಿತವಾದುವು. ಗಡಿಗೆಯೊಳಗಿನ ಬಯಲೂ ಮಠದೊಳಗಿನ ಬಯಲೂ ಹೊರಗಣ ಅಪಾರವಾದ ಬಯಲೂ ವಸ್ತುತಃ ಒಂದೇ. ಗಡಿಗೆಯ ಓಡು, ಮಠದ ಗೋಡೆ ಇವೆಲ್ಲ ಉಪಾಧಿಗಳು ಮಾತ್ರ. ಗಡಿಗೆ ಒಡೆದುಹೋದರೆ ಅದರೊಳಗಿನ ಆಕಾಶಕ್ಕೆ ಆಗುವ ನಷ್ಟವೇನೂ ಇಲ್ಲ. ಆತ್ಮಸ್ವರೂಪವನ್ನು ತಿಳಿಯಪಡಿಸುವುದಕ್ಕೆ ಈ ದೃಷ್ಟಾಂತವು ಎಷ್ಟೇ ಸಮರ್ಪಕವಾಗಿದ್ದರೂ, ಮನೆಯನ್ನೋ ಸಭಾಮಂದಿರವನ್ನೋ ಕಟ್ಟಿಸಹೊರಟವನು ಇದನ್ನು ನಂಬಿ ನಡೆದನಾದರೆ ಅವನ ಹಣ ಮಣ್ಣುಪಾಲಾಗುವುದು ಖಂಡಿತ.

ಏಕೆಂದರೆ ಶಿಲ್ಪಿಯ ಪಾಲಿಗೆ, ಗೋಡೆ ಎದ್ದೊಡನೆಯೇ ಒಳಗಿನ ಬಯಲು ಹೊರಗಿನ ಬಯಲಾಗಿ ಉಳಿಯುವುದಿಲ್ಲ. ಅಲ್ಲಿ ಸದ್ದು ಬೇರೆ ಬಗೆಯಾಗಿ ಸುಳಿಯುತ್ತದೆ. ಗಾಳಿ ಬೇರೆ ದಾರಿ ಹಿಡಿಯುತ್ತದೆ. ಬೆಳಕು ಬೇರೆ ಕೋನದಿಂದ ಇಳಿಯುತ್ತದೆ. ಅಲ್ಲಿ ಕೂಡಿದ ಮನುಷ್ಯರು ಒಬ್ಬರಿಂದೊಬ್ಬರು ಎಷ್ಟು ದೂರದಲ್ಲಿ ನಿಲ್ಲಬೇಕು, ಯಾರು ಯಾರ ಮುಖವನ್ನು ನೋಡುತ್ತ ಕುಳಿತುಕೊಳ್ಳಬೇಕು ಎಂಬುದು ಕೂಡ ಅವರಿಗೆ ತಿಳಿಯದಂತೆಯೇ ನಿಶ್ಚಯವಾಗಿಬಿಡುತ್ತದೆ. ಇಂತು ಆಕಾರವೊಂದು ತನ್ನೊಳಗೆ ನಡೆಯತಕ್ಕ ವ್ಯಾಪಾರಗಳಲ್ಲಿ ಕೆಲವಕ್ಕೆ ಒಲಿದು ಕೆಲವಕ್ಕೆ ಮುನಿಯುತ್ತದೆ; ಎಲ್ಲಕ್ಕೂ ಸಮನಾಗಿ ಒಲಿಯುವ ಆಕಾರವನ್ನು ಈವರೆಗೆ ಯಾರೂ ಕಟ್ಟಿಲ್ಲ. ಈ ಒಲವು ಮುನಿಸುಗಳು ಆಕಸ್ಮಿಕವಲ್ಲ, ಭೌತವಿಜ್ಞಾನದ ಸಾಮಾನ್ಯ ನಿಯಮಗಳಿಂದಲೇ ಹುಟ್ಟತಕ್ಕವು ಎಂಬುದನ್ನು ಈ ಅಧ್ಯಾಯದಲ್ಲಿ ಕೆಲವು ನಿದರ್ಶನಗಳಿಂದ ನೋಡೋಣ. ಅವುಗಳಲ್ಲಿ ಸದ್ದಿನ ಕಥೆಯೇ ಎಲ್ಲಕ್ಕಿಂತ ಸ್ಪಷ್ಟವಾದುದರಿಂದ ಅದರಿಂದಲೇ ಆರಂಭಿಸುವುದು ಉಚಿತ.

ವಿಜಯಪುರದ ಗೋಳಗುಮ್ಮಟವನ್ನು ನೋಡದವರು ಕನ್ನಡನಾಡಿನಲ್ಲಿ ವಿರಳ. ಶಾಲೆಯ ಪ್ರವಾಸದಲ್ಲಿ ಒಮ್ಮೆಯಾದರೂ ಅದರ ಮೆಟ್ಟಲುಗಳನ್ನು ಏದುಸಿರಿನಿಂದ ಹತ್ತಿ, ಒಳಗಣ ಪಡಸಾಲೆಯಲ್ಲಿ ನಿಂತು ಕೂಗು ಹಾಕಿ ಬಂದವರೇ ಹೆಚ್ಚು. 1656ರಲ್ಲಿ ಗತಿಸಿದ ಮಹಮ್ಮದ್ ಆದಿಲಶಾಹನ ಗೋರಿ ಇದು. ನಾಲ್ಕೂ ಪಕ್ಕದಲ್ಲಿ ಸುಮಾರು 47 ಮೀಟರು ಅಳತೆಯ ಚಚ್ಚೌಕವಾದ ಕಟ್ಟಡ. ಅದರ ಮೇಲೆ ಹೊರಗಿನಿಂದ 44 ಮೀಟರು, ಒಳಗಿನಿಂದ ಸುಮಾರು 38 ಮೀಟರು ವ್ಯಾಸವುಳ್ಳ ಗುಮ್ಮಟ. ನೆಲದಲ್ಲಿ ಒಂದು ಕಂಬವೂ ಇಲ್ಲ. ಚೌಕವಾದ ಗೋಡೆಗಳ ಮೇಲೆ ದುಂಡಾದ ಗುಮ್ಮಟವನ್ನು ಕೂಡಿಸುವ ಕಠಿಣವಾದ ಸಮಸ್ಯೆಯನ್ನು, ಒಂದನ್ನೊಂದು ಹಾಯ್ದು ಹೋಗುವ ಎಂಟು ಕಮಾನುಗಳಿಂದ ಅಲ್ಲಿಯ ಶಿಲ್ಪಿಗಳು ಪರಿಹರಿಸಿದರು. ಆ ಕಮಾನುಗಳು ಒಳಮುಖವಾಗಿ ಬಾಗಿ ಬಂದು ಗುಮ್ಮಟದ ಬುಡದಲ್ಲಿ ಉಂಟುಮಾಡಿದ ಚಾಚೇ ಈಗಿನ ಪಿಸುಗುಟ್ಟುವ ಪಡಸಾಲೆ.

ಈ ಪಡಸಾಲೆಯಲ್ಲಿ ಎರಡು ಬೇರೆ ಬೇರೆ ಸೋಜಿಗಗಳುಂಟು. ಜನ ಅವೆರಡನ್ನೂ ಒಂದೇ ಎಂದು ಭಾವಿಸುವುದು ವಾಡಿಕೆ. ಗೋಡೆಗೆ ಬಾಯಿ ಹತ್ತಿರ ಹಿಡಿದು ಪಿಸುಮಾತಾಡಿದರೆ ಎದುರು ದಂಡೆಯಲ್ಲಿ ಗೋಡೆಗೆ ಕಿವಿಗೊಟ್ಟವನಿಗೆ ಅದು ಪಕ್ಕದಲ್ಲೇ ಆಡಿದಂತೆ ಕೇಳಿಸುತ್ತದೆ. ನಡುವಣ ಬಯಲಿನಲ್ಲಿ ಅದು ಯಾರಿಗೂ ಕೇಳಿಸದು. ಲಂಡನ್ನಿನ ಸೇಂಟ್ ಪಾಲ್ ದೇವಾಲಯದ ಗುಮ್ಮಟದಲ್ಲಿಯೂ ಇದೇ ವಿಚಿತ್ರವಿದ್ದು, ಬಾಗಿದ ಗೋಡೆಯ ಮೈಯನ್ನು ಅಂಟಿಕೊಂಡೇ ಧ್ವನಿತರಂಗಗಳು ತೆವಳುತ್ತ ಸಾಗುವುವೆಂಬ ಕಾರಣವನ್ನು ಲಾರ್ಡ್ ರ್‍ಯಾಲೆ ಎಂಬ ಭೌತವಿಜ್ಞಾನಿ ಕೊಟ್ಟನು. ಮುಂದೆ ಬೆಂಗಳೂರನ್ನೇ ತಮ್ಮ ಊರಾಗಿ ಮಾಡಿಕೊಂಡ ಸಿ. ವಿ. ರಾಮನ್ನರೂ ಆ ಗುಮ್ಮಟದಲ್ಲಿ ಸದ್ದಿನ ಏರಿಳಿತಗಳನ್ನು ಪರೀಕ್ಷಿಸಿ 1922ರಲ್ಲಿ ಸದರ್ಲೆಂಡ್ ಎಂಬವರೊಡನೆ ಒಂದು ಪ್ರಬಂಧವನ್ನು ಪ್ರಕಟಿಸಿದರು.

ಎರಡನೆಯ ಸೋಜಿಗ ಕೂಗಿನದು. ಚಪ್ಪಾಳೆ ತಟ್ಟಿದರೆ ಅದು ಎದುರುಗೋಡೆಗೆ ಹೋಗಿ ಮರಳಲು 76 ಮೀಟರು ಹಾದಿಯನ್ನು ಕ್ರಮಿಸಬೇಕು. ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರಾದ ಕಾರಣ, ಅದು ಹಿಂದಿರುಗಿ ಬರುವುದು ಸೆಕೆಂಡಿನ ಐದನೆಯ ಒಂದು ಪಾಲಿಗಿಂತ ತುಸು ಹೆಚ್ಚು ಕಾಲದ ತರುವಾಯ. ಎರಡು ಸದ್ದುಗಳ ನಡುವೆ ಸೆಕೆಂಡಿನ ಹತ್ತನೆಯ ಒಂದು ಪಾಲಿನಷ್ಟು ಅಂತರವಿದ್ದರೆ ಸಾಕು, ಕಿವಿ ಅವುಗಳನ್ನು ಬೇರೆ ಬೇರೆಯಾಗಿ ಗುರುತಿಸಬಲ್ಲುದು. ಆದಕಾರಣ ಒಂದು ಚಪ್ಪಾಳೆ ಮತ್ತೆ ಮತ್ತೆ ಎಣಿಸಬಹುದಾದಂತೆ ಮರುದನಿಗೊಡುತ್ತದೆ. ಮಕ್ಕಳಿಗೆ ಇದು ಹಬ್ಬ. ಆದರೆ ಇಲ್ಲಿ ನಿಂತು ಯಾರಾದರೂ ಉಪನ್ಯಾಸಮಾಡಲು ಹೊರಟರೆಂದು ಕಲ್ಪಿಸಿ. ನಿಧಾನವಾಗಿ ಮಾತಾಡುವವನೂ ಸೆಕೆಂಡಿಗೆ ನಾಲ್ಕೈದು ಅಕ್ಷರಗಳನ್ನು ಉಚ್ಚರಿಸುತ್ತಾನೆ. ಮೊದಲ ಅಕ್ಷರದ ಮರುದನಿ ಸರಿಯಾಗಿ ಎರಡನೆಯ ಅಕ್ಷರದ ತಲೆಯ ಮೇಲೆ ಬಂದು ಬೀಳುತ್ತದೆ. ಮೂರನೆಯದು ಬರುವಷ್ಟರಲ್ಲಿ ಮೂರೂ ಕಲಸಿಹೋಗಿ ಅರ್ಥವೆಂಬುದು ಉಳಿಯುವುದಿಲ್ಲ. ಗುಮ್ಮಟದ ತಪ್ಪು ಇದರಲ್ಲಿ ಏನೂ ಇಲ್ಲ. ಅದು ಮೃತನಾದ ಅರಸನ ಮಹಿಮೆಯನ್ನು ಸಾರಲು ಎದ್ದುದು; ಜೀವಂತರ ವಾಗ್ವಾದಕ್ಕಾಗಿ ಅಲ್ಲ.

ಸೇಂಟ್ ಪಾಲ್ ಗುಮ್ಮಟವನ್ನು ಯೋಜಿಸಿದ ಕ್ರಿಸ್ಟೋಫರ್ ರೆನ್ ಈ ಭೇದವನ್ನು ಚೆನ್ನಾಗಿ ಬಲ್ಲವನಾಗಿದ್ದನು. 1666ರ ಮಹಾಗ್ನಿಯಲ್ಲಿ ಲಂಡನ್ ಸುಟ್ಟುಹೋದ ಮೇಲೆ ಅನೇಕ ಚಿಕ್ಕ ಇಗರ್ಜಿಗಳನ್ನು ಕಟ್ಟಿಸುವ ಭಾರ ಅವನ ಮೇಲೆ ಬಿದ್ದಿತು. ಹಳೆಯ ಮಹಾದೇವಾಲಯಗಳಲ್ಲಿ ಪೂಜೆಯು ಲ್ಯಾಟಿನ್ ಮಂತ್ರಗಳ ದೀರ್ಘವಾದ ಗಾನವಾಗಿದ್ದುದರಿಂದ, ಒಂದು ಸ್ವರ ಕಲ್ಲಿನ ಕಮಾನುಗಳ ನಡುವೆ ಐದಾರು ಸೆಕೆಂಡು ತೇಲುತ್ತಿದ್ದರೂ ಬಾಧಕವಿರಲಿಲ್ಲ. ಅಷ್ಟೇ ಅಲ್ಲ, ಹಿಂದಿನ ಸ್ವರದ ಮೇಲೆ ಮುಂದಿನ ಸ್ವರ ಮೆಲ್ಲನೆ ಹಾಸುಗೊಳ್ಳುವ ಆ ಗಾನಕ್ಕೆ ಅದೇ ಸೊಗಸನ್ನು ಕೊಡುತ್ತಿದ್ದಿತು. ಪ್ರೊಟೆಸ್ಟೆಂಟ್ ಮತದಲ್ಲಿಯಾದರೋ ಉಪದೇಶವೇ ಪ್ರಧಾನ. ಜನ ಮಾತನ್ನು ಕೇಳಿ ಅರ್ಥಮಾಡಿಕೊಳ್ಳಬೇಕು. ಸಾಧಾರಣ ಕಂಠದ ಉಪದೇಶಕನ ಮಾತು ಅವನ ಎದುರಿಗೆ 50 ಅಡಿ, ಎರಡು ಪಕ್ಕಕ್ಕೆ 30 ಅಡಿ, ಬೆನ್ನ ಹಿಂದೆ 20 ಅಡಿಯವರೆಗೆ ಕೇಳಿಸೀತು ಎಂದು ರೆನ್ ಲೆಕ್ಕಹಾಕಿದನು. ಇದು ಇಟ್ಟಿಗೆಯ ಲೆಕ್ಕವಲ್ಲ, ಮನುಷ್ಯನ ಗಂಟಲಿನ ಲೆಕ್ಕ. ಕಟ್ಟಡದ ಉದ್ದಗಲಗಳು ದೇವರ ವೈಭವದಿಂದ ನಿರ್ಣಯವಾಗದೆ ಪಾದ್ರಿಯ ದನಿಯಿಂದ ನಿರ್ಣಯವಾಗತೊಡಗಿದುದು ಶಿಲ್ಪದ ಇತಿಹಾಸದಲ್ಲಿ ಸಣ್ಣ ಸಂಗತಿಯಲ್ಲ.

ಇಷ್ಟಾದರೂ ರೆನ್ನನದು ಅನುಭವದ ಅಂದಾಜು. ಅದು ಶಾಸ್ತ್ರವಾದುದು 1895ರ ಬಳಿಕ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಫಾಗ್ ಕಲಾಸಂಗ್ರಹಾಲಯವೆಂಬ ಹೊಸ ಕಟ್ಟಡದ ಉಪನ್ಯಾಸಮಂದಿರ ನೋಡಲು ಚೆಲುವಾಗಿದ್ದರೂ, ಅಲ್ಲಿ ಆಡಿದ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಅದನ್ನು ಸರಿಪಡಿಸುವ ಕೆಲಸ ವ್ಯಾಲೇಸ್ ಸಬೀನ್ ಎಂಬ ಭೌತವಿಜ್ಞಾನದ ತರುಣ ಅಧ್ಯಾಪಕನ ಪಾಲಿಗೆ ಬಂದಿತು. ಅವನಲ್ಲಿದ್ದ ಸಾಧನಗಳು ಬಹು ಅಲ್ಪ: ಒಂದು ಆರ್ಗನ್ ಕೊಳವೆ, ಕಾಲವನ್ನು ಗುರುತಿಸುವ ಒಂದು ಯಂತ್ರ, ತನ್ನ ಎರಡು ಕಿವಿಗಳು. ಹಗಲಿನಲ್ಲಿ ಬೀದಿಯ ಗದ್ದಲ ಅಡ್ಡಬರುತ್ತಿದ್ದುದರಿಂದ ನಡುರಾತ್ರಿ ಕಳೆದ ಮೇಲೆ ಕೆಲಸ. ಹತ್ತಿರದ ಸ್ಯಾಂಡರ್ಸ್ ನಾಟಕಶಾಲೆಯಿಂದ ಆಸನಗಳ ಮೆತ್ತೆಗಳನ್ನು ಹೊತ್ತು ತರಿಸುವುದು, ಅವುಗಳನ್ನು ಮಂದಿರದಲ್ಲಿ ಹಾಸುವುದು, ಕೊಳವೆಯನ್ನು ಊದಿ ನಿಲ್ಲಿಸುವುದು, ದನಿ ಪೂರ್ತಿ ಅಡಗುವವರೆಗೆ ಕಿವಿಗೊಟ್ಟು ಕೇಳಿ ಕಾಲವನ್ನು ಬರೆದುಕೊಳ್ಳುವುದು, ಬೆಳಗಾಗುವುದರೊಳಗಾಗಿ ಮೆತ್ತೆಗಳನ್ನೆಲ್ಲ ಮತ್ತೆ ಅವುಗಳ ಸ್ಥಾನಕ್ಕೆ ಸೇರಿಸುವುದು. ಹೀಗೆ ಎಷ್ಟೋ ರಾತ್ರಿಗಳು ನಡೆದುವು. ಬರಿದಾದ ಮಂದಿರದಲ್ಲಿ ದನಿ ಐದೂವರೆ ಸೆಕೆಂಡಿನಷ್ಟು ಕಾಲ ಉಳಿಯುತ್ತಿದ್ದಿತು. ಮೆತ್ತೆಗಳು ಹೆಚ್ಚಿದಂತೆಲ್ಲ ಆ ಕಾಲ ಒಂದು ಕ್ರಮಕ್ಕನುಸಾರವಾಗಿ ಇಳಿಯುತ್ತ ಬಂದಿತು.

ಆ ಕ್ರಮವೇ 1898ರಲ್ಲಿ ಅವನಿಗೆ ಸೂತ್ರರೂಪದಲ್ಲಿ ಹೊಳೆದುದು. ಕೋಣೆಯ ಗಾತ್ರ ಹೆಚ್ಚಿದಷ್ಟೂ ದನಿ ಅಡಗಲು ಹಿಡಿಯುವ ಕಾಲ, ಎಂದರೆ ಅನುರಣನದ ಕಾಲ, ಹೆಚ್ಚುತ್ತದೆ. ಸದ್ದನ್ನು ನುಂಗುವ ಮೈ ಹೆಚ್ಚಿದಷ್ಟೂ ಅದು ಕಡಮೆಯಾಗುತ್ತದೆ. ತೆರೆದ ಕಿಟಕಿಯ ಮೂಲಕ ಹೋದ ಸದ್ದು ಮರಳಿ ಬರುವುದಿಲ್ಲವಾದ್ದರಿಂದ, ಒಂದು ಚದರ ಮೀಟರು ತೆರೆದ ಕಿಟಕಿಯನ್ನು ನುಂಗುವಿಕೆಯ ಮಾನವೆಂದು ಇಟ್ಟುಕೊಂಡರೆ, ಕೋಣೆಯ ಗಾತ್ರವನ್ನು ಘನಮೀಟರುಗಳಲ್ಲಿ ಅಳೆದು 0.161ರಿಂದ ಗುಣಿಸಿ, ಒಟ್ಟು ನುಂಗುವಿಕೆಯಿಂದ ಭಾಗಿಸಿದಾಗ ಬರುವ ಸೆಕೆಂಡುಗಳೇ ಅನುರಣನ ಕಾಲ. ಮಾತಿಗೆ ಸುಮಾರು ಒಂದು ಸೆಕೆಂಡು ಸಾಕು. ಪಾಶ್ಚಾತ್ಯರ ವಾದ್ಯವೃಂದಕ್ಕೆ ಎರಡು ಸೆಕೆಂಡಿನಷ್ಟು ಬೇಕು. ಮಹಾದೇವಾಲಯದ ಗಾನಕ್ಕೆ ಅದಕ್ಕೂ ಬಹಳ ಹೆಚ್ಚು.

ನಮ್ಮ ಊರುಗಳಲ್ಲಿ ಕಟ್ಟುವಂಥ ಒಂದು ಸಭಾಂಗಣಕ್ಕೆ ಈ ಸೂತ್ರವನ್ನು ಅನ್ವಯಿಸಿ ನೋಡಬಹುದು. ಉದ್ದ 20 ಮೀಟರು, ಅಗಲ 12, ಎತ್ತರ 6. ಗಾತ್ರ 1440 ಘನಮೀಟರು. ನಾಲ್ಕು ಗೋಡೆ, ನೆಲ, ಚಾವಣಿ ಎಲ್ಲ ಸೇರಿ ಮೈಯಳತೆ 864 ಚದರ ಮೀಟರು. ಗಟ್ಟಿಯಾದ ಗಿಲಾವು ತನ್ನ ಮೇಲೆ ಬಿದ್ದ ಸದ್ದಿನಲ್ಲಿ ನೂರಕ್ಕೆ ಮೂರು ಪಾಲನ್ನು ನುಂಗುವುದೆಂದು ಇಟ್ಟುಕೊಂಡರೆ, ಒಟ್ಟು ನುಂಗುವಿಕೆ ಸುಮಾರು 26 ಮಾನ. ಅನುರಣನ ಕಾಲ ಒಂಬತ್ತು ಸೆಕೆಂಡು! ಬಣ್ಣ ಬಳಿದು ಮುಗಿದ ದಿನ ಗುತ್ತಿಗೆದಾರನು ಕೆಮ್ಮಿದರೂ ಗುಡುಗಿದಂತಾಗುವುದು ಇದರಿಂದಲೇ. ಉದ್ಘಾಟನೆಗೆ 300 ಮಂದಿ ಬಂದು ಕುಳಿತರೆನ್ನಿ. ಬಟ್ಟೆಯುಟ್ಟು ಕುಳಿತ ಒಬ್ಬ ಮನುಷ್ಯ ಅರ್ಧ ಚದರ ಮೀಟರಿಗೆ ತುಸು ಕಡಮೆಯಾದ ತೆರೆದ ಕಿಟಕಿಗೆ ಸಮಾನ. 300 ಮಂದಿಯಿಂದ 135 ಮಾನ ಸೇರಿತು. ಕಾಲ ಒಂದೂವರೆ ಸೆಕೆಂಡಿಗಿಂತ ಕೆಳಗಿಳಿಯಿತು. ಸಭಿಕರು ಕೇಳುವವರು ಮಾತ್ರವಲ್ಲ, ಕಟ್ಟಡದ ಒಂದು ಅಂಗವೂ ಹೌದು. ಇನ್ನು, ಭವ್ಯವಾಗಿ ಕಾಣಲೆಂದು ಚಾವಣಿಯನ್ನು 9 ಮೀಟರಿಗೆ ಏರಿಸಿದರೆ, ಅದೇ 300 ಮಂದಿ ಕುಳಿತಿದ್ದರೂ ಕಾಲ ಎರಡು ಸೆಕೆಂಡನ್ನು ಮೀರುತ್ತದೆ. ಭಾಷಣಕ್ಕೆ ಒಗ್ಗುವಂತಿದ್ದ ಮಂದಿರ, ಮೂರು ಮೀಟರು ಗೋಡೆಯಿಂದ, ಪಿಟೀಲುಗಳ ಮೇಳಕ್ಕೆ ಒಗ್ಗುವ ಮಂದಿರವಾಯಿತು. ಭಾಷಣಕಾರನಿಗೆ ಅದರ ಕಾರಣ ತಿಳಿಯದು, ಕೇಳುವವರಿಗೆ ಭಾಷಣ ತಿಳಿಯದು.

1900ರಲ್ಲಿ ತೆರೆದ ಬಾಸ್ಟನ್ ನಗರದ ಸಂಗೀತಭವನವೇ ಸಬೀನನ ಸೂತ್ರವನ್ನು ಮೊದಲಿಟ್ಟುಕೊಂಡು ಯೋಜಿಸಿದ ಪ್ರಥಮ ಮಂದಿರ. ಅದು ಉದ್ದವಾಗಿ, ಕಿರಿದಾಗಿ, ಎತ್ತರವಾಗಿ ನೀಳ ಪೆಟ್ಟಿಗೆಯ ಆಕಾರದಲ್ಲಿದೆ. ಲೋಕದ ಅತ್ಯುತ್ತಮವಾದ ಸಂಗೀತಮಂದಿರಗಳಲ್ಲಿ ಅದನ್ನು ಇಂದಿಗೂ ಎಣಿಸುತ್ತಾರೆ. ಪಕ್ಕದ ಗೋಡೆಗಳು ಹತ್ತಿರವಿರುವುದರಿಂದ ವೇದಿಕೆಯ ದನಿ ನೆಟ್ಟಗೆ ಬಂದು ಮುಟ್ಟಿದೊಡನೆಯೇ ಎಡಬಲಗಳಿಂದಲೂ ಅದರ ಬಿಂಬಗಳು ಬಂದು ಮುಟ್ಟುತ್ತವೆ. ಕಿವಿ ಅವುಗಳನ್ನು ಮರುದನಿಯೆಂದು ಬೇರ್ಪಡಿಸದೆ, ಸಂಗೀತ ತನ್ನನ್ನು ಸುತ್ತುವರಿಯಿತೆಂದು ಭಾವಿಸುತ್ತದೆ. ಅನುರಣನ ಕಾಲವೊಂದೇ ಸರಿಯಾಗಿದ್ದರೆ ಸಾಲದು, ಆಕಾರವೂ ಒಪ್ಪವಾಗಿರಬೇಕೆಂಬುದು ಶಾಸ್ತ್ರಜ್ಞರಿಗೆ ಮನದಟ್ಟಾದುದು ಸಬೀನನ ಕಾಲಕ್ಕೆ ಬಹಳ ತರುವಾಯ.

ಆಕಾರವು ವ್ಯಾಪಾರವನ್ನು ತಿದ್ದುವಂತೆ, ಆಕಾರದ ಅಭಾವವೂ ತಿದ್ದುತ್ತದೆ. ಕುಯ್ಲಾದ ಗದ್ದೆಯಲ್ಲಿ ರಂಗಸ್ಥಳ ಹೂಡಿ ರಾತ್ರಿಯಿಡೀ ಆಡುವ ಯಕ್ಷಗಾನ ಬಯಲಾಟಕ್ಕೆ ಗೋಡೆಯೂ ಇಲ್ಲ, ಚಾವಣಿಯೂ ಇಲ್ಲ. ಬಯಲಿನಲ್ಲಿ ದೂರ ಇಮ್ಮಡಿಯಾದಾಗ ಸದ್ದಿನ ತೀವ್ರತೆ ಕಾಲು ಪಾಲಿಗೆ ಇಳಿಯುತ್ತದೆ. ಅದನ್ನು ಮರಳಿ ತಂದುಕೊಡುವ ಗೋಡೆಯೂ ಇರುವುದಿಲ್ಲ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಗದ್ದೆಯ ಅಂಚಿನವರೆಗೂ ಕುಳಿತ ಜನಕ್ಕೆ ಕಥೆಯನ್ನು ತಲಪಿಸಬೇಕಾಗಿದ್ದ ಈ ಕಲೆ, ಚೆಂಡೆಯ ಸಿಡಿಲನ್ನೂ ಭಾಗವತನ ಏರುಶ್ರುತಿಯನ್ನೂ ಕಟ್ಟಿಕೊಂಡಿತು. ಮದುವೆಯ ಓಲಗದವರನ್ನು ಮನೆಯೊಳಗಿನ ಕೋಣೆಯಲ್ಲಿ ಕೂರಿಸಿದರೆ ಎದುರಿಗೆ ಕುಳಿತವರು ಕಿವಿ ಮುಚ್ಚಿಕೊಳ್ಳಬೇಕಾಗುತ್ತದೆ. ವೈಣಿಕನನ್ನು ಜಾತ್ರೆಯ ಬೀದಿಯಲ್ಲಿ ಕೂರಿಸಿದರೆ ಅವನ ಗಮಕಗಳು ಅವನಿಗೇ ಕೇಳಿಸವು. ನಾಗಸ್ವರ ತೇರಬೀದಿಯ ವಾದ್ಯ, ವೀಣೆ ಮನೆಯಂಗಳದೊಳಗಣ ವಾದ್ಯ. ತನ್ನನ್ನು ಬೆಳೆಸಿದ ಅವಕಾಶದ ಅಳತೆಯನ್ನು ಪ್ರತಿಯೊಂದು ವಾದ್ಯವೂ ತನ್ನ ಕಂಠದಲ್ಲಿ ಹೊತ್ತುಕೊಂಡೇ ಇದೆ.

ಸದ್ದಿನಂತೆಯೇ ಗಾಳಿಬೆಳಕುಗಳೂ ಆಕಾರಕ್ಕೆ ವಿಧೇಯವಾದುವು. ನಮ್ಮ ಹಳೆಯ ತೊಟ್ಟಿಯ ಮನೆಯನ್ನು ನೋಡಿ. ನಡುವೆ ಆಕಾಶಕ್ಕೆ ತೆರೆದ ಚೌಕ; ಅದರ ನಾಲ್ಕು ಕಡೆಯಿಂದಲೂ ಒಳಕ್ಕಿಳಿದ ಮಾಡು; ಮಾಡಿನ ಕೆಳಗೆ ಕಂಬಸಾಲಿನ ಪಡಸಾಲೆ; ಅದರ ಹಿಂದೆ ಕತ್ತಲೆಯ ಕೋಣೆಗಳು; ಬೀದಿಯ ಕಡೆಗೆ ಜಗಲಿ. ರಾತ್ರಿ ಮಾಡೂ ನೆಲವೂ ತೆರೆದ ಆಕಾಶಕ್ಕೆ ತಮ್ಮ ಶಾಖವನ್ನು ಬಿಟ್ಟುಕೊಟ್ಟು ತಣಿಯುತ್ತವೆ. ತಣಿದ ಗಾಳಿ ಭಾರವಾದುದರಿಂದ ತೊಟ್ಟಿಗೆ ಇಳಿದು ಪಡಸಾಲೆಗಳಲ್ಲಿ ಹರಡುತ್ತದೆ. ಹಗಲು ಬಿಸಿಲೇರಿದಾಗ ತೊಟ್ಟಿಯ ಗಾಳಿ ಕಾದು ಮೇಲೇರಿ, ಆ ತೆರಪನ್ನು ತುಂಬಲು ಕೋಣೆಗಳ ತಂಪಾದ ಗಾಳಿ ಚಲಿಸತೊಡಗುತ್ತದೆ. ಈ ದಿನಚರಿಗೆ ಸರಿಯಾಗಿ ಮನೆಯವರ ದಿನಚರಿಯೂ ಸ್ಥಳವನ್ನು ಬದಲಿಸುತ್ತದೆ: ಮುಂಜಾನೆ ತೊಟ್ಟಿಯ ಅಂಚಿನಲ್ಲಿ ಅಕ್ಕಿ ಹಸನುಮಾಡುವುದು, ಮಧ್ಯಾಹ್ನ ಪಡಸಾಲೆಯ ತಣ್ಣೆಲದ ಮೇಲೆ ನಿದ್ದೆ, ಬೆಳಕು ಬೇಡದ ಕಾಳುಕಡಿಗಳಿಗೆ ಒಳಗಿನ ಕತ್ತಲೆ, ಸಂಜೆ ಜಗಲಿಯ ಮೇಲೆ ಊರ ಮಾತು. ದಾರಿಹೋಕನು ಕೇಳದೆಯೇ ಜಗಲಿಯಲ್ಲಿ ಕೂರಬಹುದು. ಪಡಸಾಲೆಗೆ ಬರಬೇಕಾದರೆ ಕರೆಯಬೇಕು. ಒಳಕೋಣೆಗೆ ನೆಂಟನೂ ಸುಮ್ಮನೆ ಕಾಲಿಡುವಂತಿಲ್ಲ. ಯಾರು ಎಲ್ಲಿಯವರೆಗೆ ಎಂಬ ನಿಯಮವನ್ನು ಮನೆಯವರು ಬಾಯಿಬಿಟ್ಟು ಹೇಳಬೇಕಾಗಿಲ್ಲ. ತಲೆ ತಗ್ಗಿಸಿ ದಾಟಬೇಕಾದ ಬಾಗಿಲವಾಡವೇ ಅದನ್ನು ಹೇಳುತ್ತದೆ. ಈ ನಿಯಮದ ಮರೆಯಲ್ಲಿ ಜಾತಿಭೇದ, ಸ್ತ್ರೀಯರ ನಿರ್ಬಂಧ ಇವೂ ಬೆಚ್ಚಗೆ ನೆಲೆಸಿದ್ದುವು ಎಂಬುದನ್ನು ಮರೆತು ಹಳೆಯ ಮನೆಯನ್ನು ಹೊಗಳುವುದು ನ್ಯಾಯವಲ್ಲ.

ಆಸ್ಪತ್ರೆಯ ಕೋಣೆಯಲ್ಲಿ ಆಕಾರದ ಪ್ರಶ್ನೆ ಪ್ರಾಣದ ಪ್ರಶ್ನೆ. ಕ್ರಿಮಿಯಾ ಯುದ್ಧದ ಆಸ್ಪತ್ರೆಗಳಲ್ಲಿ ಗಾಯಕ್ಕಿಂತ ಹೆಚ್ಚಾಗಿ ರೋಗದಿಂದ ಸೈನಿಕರು ಸಾಯುತ್ತಿದ್ದುದನ್ನು ಕಣ್ಣಾರೆ ಕಂಡ ಫ್ಲಾರೆನ್ಸ್ ನೈಟಿಂಗೇಲ್, 1859ರಲ್ಲಿ ಆಸ್ಪತ್ರೆಗಳನ್ನು ಕುರಿತು ಪುಸ್ತಕವೊಂದನ್ನು ಪ್ರಕಟಿಸಿ, ನೀಳವಾಗಿ ಕಿರಿದಾಗಿದ್ದು ಎರಡು ಉದ್ದಗೋಡೆಗಳಲ್ಲಿಯೂ ಎದುರುಬದುರಾಗಿ ಕಿಟಕಿಗಳಿರುವ, ಎರಡು ಹಾಸಿಗೆಗೆ ಒಂದಾದರೂ ಕಿಟಕಿ ಸಲ್ಲುವ ಕೋಣೆಯನ್ನು ಪ್ರತಿಪಾದಿಸಿದಳು. ಗಾಳಿ ಅಡ್ಡಲಾಗಿ ಬೀಸಿಹೋಗುತ್ತದೆ. ಒಬ್ಬ ದಾದಿ ಒಂದೆಡೆ ನಿಂತು ಮೂವತ್ತು ರೋಗಿಗಳನ್ನೂ ಕಾಣಬಲ್ಲಳು. ಕೆಟ್ಟ ಗಾಳಿಯೇ ರೋಗಗಳಿಗೆ ಮೂಲವೆಂಬ ಅವಳ ಸಿದ್ಧಾಂತ ಮುಂದೆ ಸೂಕ್ಷ್ಮಜೀವಿಗಳ ಶೋಧದಿಂದ ಬಿದ್ದುಹೋಯಿತು. ಅವಳ ಕೋಣೆ ಮಾತ್ರ ಲೋಕದ ತುಂಬ ಹರಡಿ ಬಹುಕಾಲ ನಿಂತಿತು. 1984ರಲ್ಲಿ ರೋಜರ್ ಉಲ್ರಿಚ್ ಎಂಬ ಸಂಶೋಧಕನು ಇನ್ನೂ ಮುಂದುವರಿದು, ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ ರೋಗಿಗಳಲ್ಲಿ ಕಿಟಕಿಯಿಂದ ಮರಗಳು ಕಾಣುತ್ತಿದ್ದ 23 ಮಂದಿಯನ್ನು, ಬರಿಯ ಇಟ್ಟಿಗೆಯ ಗೋಡೆ ಕಾಣುತ್ತಿದ್ದ 23 ಮಂದಿಯೊಡನೆ ಹೋಲಿಸಿ, ಮರಗಳನ್ನು ಕಂಡವರು ಸರಾಸರಿ ಮುಕ್ಕಾಲು ದಿವಸ ಮೊದಲೇ ಮನೆಗೆ ಮರಳಿದರೆಂದೂ ತೀವ್ರವಾದ ನೋವುಶಾಮಕಗಳನ್ನು ಕಡಮೆ ಬೇಡಿದರೆಂದೂ ತೋರಿಸಿದನು. ಸಂಖ್ಯೆ ಸಣ್ಣದು; ಆದರೆ ಕಿಟಕಿಯ ಸ್ಥಾನವನ್ನು ವೈದ್ಯಶಾಸ್ತ್ರದ ವಿಷಯವನ್ನಾಗಿ ಮಾಡಿದ ಕೀರ್ತಿ ಆ ಅಧ್ಯಯನಕ್ಕೆ ಸಲ್ಲುತ್ತದೆ.

ಆಕಾರವು ಮನುಷ್ಯರ ಮುಖಗಳನ್ನು ಯಾವ ದಿಕ್ಕಿಗೆ ತಿರುಗಿಸುತ್ತದೆ ಎಂಬುದರಿಂದ ರಾಜ್ಯಭಾರದ ರೀತಿಯೂ ಬದಲಾಗಬಹುದು. ಇಂಗ್ಲೆಂಡಿನ ಪ್ರಜಾಸಭೆ ಹದಿನಾರನೆಯ ಶತಮಾನದ ಮಧ್ಯದಲ್ಲಿ ಸೇಂಟ್ ಸ್ಟೀಫನ್ ಎಂಬ ಅರಮನೆಯ ಪ್ರಾರ್ಥನಾಮಂದಿರಕ್ಕೆ ಸೇರಿತು. ಅಲ್ಲಿ ಗಾಯಕರ ಎರಡು ಗುಂಪುಗಳು ಎದುರೆದುರಾಗಿ ಕುಳಿತು ಸರದಿಯಾಗಿ ಹಾಡುವುದಕ್ಕೆ ಇದ್ದ ಪೀಠಗಳಲ್ಲಿಯೇ ಸದಸ್ಯರು ಕುಳಿತರು. ಪ್ರಾರ್ಥನೆ ಹೋಯಿತು, ಪೀಠಗಳ ವಿನ್ಯಾಸ ಉಳಿಯಿತು. ಸರ್ಕಾರದ ಪಕ್ಷವೂ ವಿರೋಧಪಕ್ಷವೂ ಮುಖಾಮುಖಿಯಾಗಿ ನಿಲ್ಲುವ ಸಂಪ್ರದಾಯ ಆ ವಿನ್ಯಾಸದ ಆಶ್ರಯದಲ್ಲಿ ಬಲಿಯಿತು. 1941ರಲ್ಲಿ ಜರ್ಮನರ ಬಾಂಬಿನಿಂದ ಸಭಾಮಂದಿರ ಧ್ವಂಸವಾದಾಗ, ಫ್ರಾನ್ಸಿನಲ್ಲಿರುವಂತೆ ಅರ್ಧವೃತ್ತದಲ್ಲಿ ಕಟ್ಟಬಹುದಲ್ಲವೆ ಎಂಬ ಪ್ರಶ್ನೆ ಎದ್ದಿತು. ಪ್ರಧಾನಿ ಚರ್ಚಿಲ್ 1943ರಲ್ಲಿ ಅದನ್ನು ವಿರೋಧಿಸಿದನು. ಅರ್ಧವೃತ್ತದಲ್ಲಿ ಸದಸ್ಯನು ಎಡದಿಂದ ಬಲಕ್ಕೆ ಯಾರ ಗಮನಕ್ಕೂ ಬಾರದಂತೆ ಸರಿಯಬಹುದು. ಎರಡು ಸಾಲಿನ ಮಂದಿರದಲ್ಲಿ ಪಕ್ಷ ಬಿಡುವವನು ಎಲ್ಲರ ಕಣ್ಣೆದುರಿಗೆ ನಡುನೆಲವನ್ನು ದಾಟಬೇಕು. ಎಲ್ಲ ಸದಸ್ಯರಿಗೂ ಸ್ಥಳವಿರಬಾರದು ಎಂಬುದು ಅವನ ಇನ್ನೊಂದು ವಾದ. ದೊಡ್ಡ ಮಂದಿರ ಮುಕ್ಕಾಲು ಬರಿದಾಗಿದ್ದರೆ ಚರ್ಚೆಯ ಕಾವು ಆರುತ್ತದೆ, ಸಣ್ಣದು ಕಿಕ್ಕಿರಿದರೆ ಮಾತು ಸಂಭಾಷಣೆಯಂತೆ ಹತ್ತಿರವಾಗುತ್ತದೆ. ಆರುನೂರಕ್ಕೂ ಮಿಕ್ಕ ಸದಸ್ಯರಿಗೆ 427 ಆಸನಗಳ ಮಂದಿರ 1950ರಲ್ಲಿ ಸಿದ್ಧವಾಯಿತು. ದೆಹಲಿಯಲ್ಲಿ 1927ರಿಂದ ನಮ್ಮವರು ಕುಳಿತ ಸಭಾಂಗಣವಾದರೋ ಅರ್ಧವೃತ್ತಾಕಾರದ್ದು. ಅಲ್ಲಿಯೂ ಕೂಗಾಟಕ್ಕೆ ಕೊರತೆಯಾಗಲಿಲ್ಲ, ಪಕ್ಷಾಂತರಕ್ಕೂ ಕೊರತೆಯಾಗಲಿಲ್ಲ. ಆಕಾರವು ಮನುಷ್ಯನನ್ನು ಒಂದು ಕಡೆಗೆ ಬಾಗಿಸುತ್ತದೆಯೇ ಹೊರತು ಅವನ ಶೀಲವನ್ನು ತಾನೇ ಬರೆಯುವುದಿಲ್ಲ ಎಂಬ ಎಚ್ಚರಿಕೆಗಾಗಿ ಈ ಮಾತನ್ನು ಸೇರಿಸಬೇಕಾಯಿತು.

ಈ ಎಚ್ಚರಿಕೆಯೊಡನೆ ನಮ್ಮ ತಾಲೂಕು ಪಟ್ಟಣಗಳ ಬಹೂಪಯೋಗಿ ಸಭಾಂಗಣದತ್ತ ಒಮ್ಮೆ ನೋಡಬೇಕು. ಬೆಳಗ್ಗೆ ಮದುವೆ, ಮಧ್ಯಾಹ್ನ ರಾಜಕೀಯದ ಭಾಷಣ, ಸಂಜೆ ಹಾಡುಗಾರಿಕೆ, ರಾತ್ರಿ ನಾಟಕ, ಎಲ್ಲವೂ ಅದೇ ನಾಲ್ಕು ಗೋಡೆಗಳ ನಡುವೆ. ಎತ್ತರ ಹೆಚ್ಚಿದಷ್ಟೂ ಪ್ರತಿಷ್ಠೆ ಹೆಚ್ಚೆಂದು ಚಾವಣಿ ಮೇಲೇರುತ್ತದೆ. ತೊಳೆಯಲು ಸುಲಭವೆಂದು ಗೋಡೆಗೂ ನೆಲಕ್ಕೂ ನುಣುಪಾದ ಕಲ್ಲು ಬೀಳುತ್ತದೆ. ಮಾತು ತಿಳಿಯುವುದಿಲ್ಲವೆಂಬ ದೂರು ಬಂದಾಗ ಧ್ವನಿವರ್ಧಕದ ಗುಂಡಿಯನ್ನು ಇನ್ನಷ್ಟು ತಿರುಗಿಸುತ್ತಾರೆ. ಧ್ವನಿವರ್ಧಕವು ಮಾತಿನೊಡನೆ ಅನುರಣನವನ್ನೂ ಅಷ್ಟೇ ಪ್ರಮಾಣದಲ್ಲಿ ಹೆಚ್ಚಿಸುವುದರಿಂದ ಗೊಂದಲ ಹಾಗೆಯೇ ಉಳಿಯುತ್ತದೆಯೇ ವಿನಾ ಕಡಮೆಯಾಗುವುದಿಲ್ಲ. ಇದಕ್ಕೆ ಪರಿಹಾರ ದುಬಾರಿಯಾದುದೂ ಅಲ್ಲ, ದುಸ್ಸಾಧ್ಯವೂ ಅಲ್ಲ. ಈ ಮಂದಿರದಲ್ಲಿ ಹೆಚ್ಚಾಗಿ ನಡೆಯುವುದು ಯಾವುದು, ಉಳಿದುವುಗಳಲ್ಲಿ ಯಾವುದಕ್ಕೆ ತುಸು ಅನನುಕೂಲವಾದರೂ ಸಹಿಸಬಹುದು ಎಂಬುದನ್ನು ನಕ್ಷೆ ಬರೆಯುವುದಕ್ಕೆ ಮುಂಚೆ ತೀರ್ಮಾನಿಸಿ, ಅದಕ್ಕೆ ತಕ್ಕ ಎತ್ತರವನ್ನು ಗೊತ್ತುಮಾಡಿ, ಹಿಂದಿನ ಗೋಡೆಗೆ ತೆಂಗಿನ ನಾರಿನ ಹಲಗೆಯನ್ನೋ ದಪ್ಪನೆಯ ಪರದೆಯನ್ನೋ ಹೊದಿಸಿದರೆ ಅರ್ಧ ಕೆಲಸ ಮುಗಿಯಿತು. ಸಬೀನನ ಲೆಕ್ಕ ಅರ್ಧ ಹಾಳೆಯಲ್ಲಿ ಹಿಡಿಯುತ್ತದೆ. ಗುಣಾಕಾರ ಭಾಗಾಕಾರ ಬಲ್ಲ ಹೈಸ್ಕೂಲಿನ ಹುಡುಗನೂ ಅದನ್ನು ಮಾಡಬಲ್ಲನು. ಅಡಿಗಲ್ಲಿಡುವ ಸಮಾರಂಭಕ್ಕೆ ಮುಂಚೆ ಅದನ್ನು ಮಾಡಿಸುವ ಸಮಿತಿಗೆ, ಉದ್ಘಾಟನೆಯ ದಿನ ತನ್ನ ಅಧ್ಯಕ್ಷರ ಭಾಷಣವಾದರೂ ಅರ್ಥವಾದೀತು.